ಎರಡು ಕಾಫಿಯ ಕಚೇರಿ

ನನ್ನ ಗೈಡ್ ಧಾರವಾಡದ ಕಡೆಯವರು. ಚೆನ್ನೈಯಲ್ಲಿ ಅರ್ಧ ಆಯುಷ್ಯ ಕಳೆದಿದ್ದರೂ ತಮಿಳು ಅವರ ನಾಲಿಗೆಗೆ ಹತ್ತಿರಲಿಲ್ಲ. ಆಟೋದವರ ಜೊತೆ ಅಪ್ಪಟ ಧಾರವಾಡ ಕನ್ನಡದಲ್ಲೇ ಜಗಳ ಆಡುತ್ತಿದ್ದರು. ಆಶ್ಚರ್ಯವೆಂದರೆ ಬಹಳ ಸಲ ಗೆದ್ದೂ ಬರುತ್ತಿದ್ದರು. ಹಣೆಯಲ್ಲಿ ವಿಭೂತಿ, ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಸದಾ ಒಂದು ಪೆನ್ಸಿಲ್. ಕ್ಯಾಂಟೀನಿನಲ್ಲಿ ಮೊಸರನ್ನದ ಮೇಲೆ ಮನೆಯಿಂದ ತಂದ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡು, ಪಕ್ಕದಲ್ಲಿ ಕೂತವರ ತಟ್ಟೆಗೂ ಕೇಳದೆ ಉದುರಿಸಿಬಿಡುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಆ ಬಿಸಿನೆಸ್ ಸ್ಕೂಲಿಗೆ ಪಿ.ಎಚ್‌ಡಿಗೆ ಅರ್ಜಿ ಹಾಕಿದ್ದೆ. ಸಂದರ್ಶನದಲ್ಲಿ ನನ್ನ ಮನೆಮಾತು ಕನ್ನಡ ಎಂದು ತಿಳಿದದ್ದೇ ತಡ, ಉಳಿದ ಪ್ರೊಫೆಸರುಗಳನ್ನು ಮರೆತು, "ಯಾವ ಕಡೀ ಕನ್ನಡ ತಂಗಿ ನಿಂದು?" ಎಂದು ಕೇಳಿದರು. ತಾಂಬರಂನದು ಎಂದೆ. ಅದು ನಿಜವೇ. ತಾತ ರೈಲ್ವೆ ಕೆಲಸಕ್ಕೆಂದು ಕೋಲಾರದ ಕಡೆಯಿಂದ ಬಂದವರು, ಅಪ್ಪನೂ ರೈಲ್ವೆಯಲ್ಲೇ ಇದ್ದರು, ನಮ್ಮ ಮನೆಯ ಕನ್ನಡದಲ್ಲಿ ತಮಿಳು ಎಲ್ಲಿ ಶುರುವಾಗುತ್ತದೆ ಎಂದು ನಮಗೇ ಗೊತ್ತಿರಲಿಲ್ಲ. ಅವರು ಜೋರಾಗಿ ನಕ್ಕರು. ನಾನು ಅವರ ವಿದ್ಯಾರ್ಥಿನಿಯಾದೆ.

ನನ್ನ ವಿಷಯ ಸಂಘಟನಾ ಅಧ್ಯಯನ. ನೆಂಟರಿಗೆ ಇದನ್ನು ವಿವರಿಸುವಷ್ಟರಲ್ಲಿ ಸಾಕುಬೇಕಾಗುತ್ತಿತ್ತು. ಕಚೇರಿಗಳಲ್ಲಿ ಜನ ಒಟ್ಟಿಗೆ ಹೇಗೆ ಕೆಲಸ ಮಾಡುತ್ತಾರೆ ಅಂತ ನೋಡೋದು ಎಂದು ಅಪ್ಪನಿಗೆ ಹೇಳಿದಾಗ, "ಮೊದಲು ಮಾಡ್ತಾರಾ ಅಂತ ನೋಡಮ್ಮಾ, ಹೇಗೆ ಅನ್ನೋದು ಅಪ್ಪುರಂ ಪಾರ್ಕಲಾಂ" ಎಂದಿದ್ದರು, ಅದನ್ನು ಆಮೇಲೆ ನೋಡಿಕೊಳ್ಳೋಣ ಎಂದು. ಅಪ್ಪನ ಪಾಲಿಗೆ ಸಂಘಟನಾ ಅಧ್ಯಯನ ಅಲ್ಲಿಗೇ ಮುಗಿದಿತ್ತು.

ಗೈಡ್ ಹೆಸರು ಮಾಡಿದ್ದು ಒಂದು ಪ್ರಶ್ನಾವಳಿಯಿಂದ. ಕಚೇರಿಯೊಂದರ ಜನರಲ್ಲಿ ಎಷ್ಟು ಒಗ್ಗಟ್ಟಿದೆ ಎಂದು ಅಳೆಯಲು ಅವರು ವಯಸ್ಸಿನಲ್ಲಿದ್ದಾಗ ರೂಪಿಸಿದ್ದು ಅದು. 'ಇಲ್ಲಿರುವ ಎಲ್ಲರೂ ನನ್ನವರು ಎಂದು ನನಗೆ ಅನಿಸುತ್ತದೆ' ಎಂಬಂಥ ಹೇಳಿಕೆಗಳು. ಎದುರಿಗೆ 'ಪೂರ್ತಿ ಒಪ್ಪುತ್ತೇನೆ' ಎಂಬುದರಿಂದ 'ಸ್ವಲ್ಪವೂ ಒಪ್ಪುವುದಿಲ್ಲ' ಎಂಬುದರ ತನಕ ಸಾಲು ಚೌಕಗಳು. ಜನ ಗುರುತು ಹಾಕುತ್ತಾರೆ, ನಾವು ಕೂಡಿಸುತ್ತೇವೆ, ಆ ಕಚೇರಿಯ ಒಗ್ಗಟ್ಟು ಒಂದು ಅಂಕಿಯಾಗಿ ಕೈಗೆ ಸಿಗುತ್ತದೆ. ಎಷ್ಟೋ ಕಂಪನಿಗಳು ಅದನ್ನು ಬಳಸುತ್ತಿದ್ದವು. ನಮ್ಮ ಸ್ಕೂಲಿನಲ್ಲೇ ಅದನ್ನು ನೆಚ್ಚಿಕೊಂಡು ಪಿ.ಎಚ್‌ಡಿ ಪಡೆದು ಪ್ರೊಫೆಸರಾದವರು ಇದ್ದರು. ವಿದ್ಯಾರ್ಥಿಗಳಾದ ನಾವು ಅದಕ್ಕೆ 'ತಕ್ಕಡಿ' ಎಂದು ಹೆಸರಿಟ್ಟಿದ್ದೆವು, ಸರ್ ಎದುರಿಗೆ ಮಾತ್ರ ಹಾಗೆ ಅನ್ನುತ್ತಿರಲಿಲ್ಲ.

ಎರಡು ಕಂಪನಿಗಳು ಒಂದಾದ ಮೇಲೆ ಜನರೂ ಒಂದಾಗುತ್ತಾರೆಯೇ ಎಂಬುದು ನಾನು ಎತ್ತಿಕೊಂಡ ಪ್ರಶ್ನೆ. ಅದಕ್ಕೆ ಸರಿಯಾಗಿ ಒಂದು ಕಚೇರಿ ಸಿಕ್ಕಿತು. ಹಡಗಿನಲ್ಲಿ ಬಂದ ಸರಕನ್ನು ಬಂದರಿನಿಂದ ಬಿಡಿಸಿಕೊಡುವ ಎರಡು ಕಂಪನಿಗಳಲ್ಲಿ ಒಂದು ಇನ್ನೊಂದನ್ನು ಕೊಂಡುಕೊಂಡಿತ್ತು. ತಿರುವೊಟ್ಟಿಯೂರಿನಲ್ಲಿದ್ದ ಕಚೇರಿಯನ್ನು ಮುಚ್ಚಿ, ಅಲ್ಲಿನವರನ್ನೆಲ್ಲ ಬೀಚ್ ಸ್ಟೇಷನ್ ಹತ್ತಿರದ ಕಚೇರಿಗೆ ತಂದು ಕೂರಿಸಿದ್ದರು. ತಾಂಬರಂನಿಂದ ಬೀಚಿಗೆ ನೇರ ಎಲೆಕ್ಟ್ರಿಕ್ ಟ್ರೈನು, ನನಗೆ ಅದಕ್ಕಿಂತ ಅನುಕೂಲ ಇನ್ನೇನು ಬೇಕು! ತಕ್ಕಡಿಯ ಪ್ರತಿಗಳನ್ನು ಚೀಲಕ್ಕೆ ತುಂಬಿಕೊಂಡು ಮಾರನೆಯ ದಿನವೇ ಹೊರಡಲು ಸಿದ್ಧಳಾಗಿದ್ದೆ. ಸರ್ ತಡೆದರು.

"ಅದನ್ನ ಕಡೀಕ ಕೊಡೂಣಂತ. ಮೊದಲ ಸುಮ್ನ ಹೋಗಿ ಕೂಡು. ಏನೂ ಕೇಳಬ್ಯಾಡ. ನೀ ಅಲ್ಲಿ ಇದ್ದೀ ಅನ್ನೂದನ್ನ ಮಂದಿ ಮರೀಬೇಕು. ಆಮ್ಯಾಲೆ ಏನ್ ಕಾಣತೈತಿ ಅದನ್ನ ಬರಕೋ."

ತಮ್ಮ ಪ್ರಶ್ನಾವಳಿಯಿಂದಲೇ ಹೆಸರಾದವರು ಹೀಗೆ ಹೇಳಿದ್ದು ನನಗೆ ಆಗ ವಿಚಿತ್ರವಾಗಿ ಕಂಡಿತು. ಹಾಗೆ ಕೂತು ನೋಡುವುದನ್ನು ನಮ್ಮ ಸ್ಕೂಲಿನಲ್ಲಿ ಆಗ ಯಾರೂ ಸಂಶೋಧನೆ ಎನ್ನುತ್ತಿರಲಿಲ್ಲ, ಪತ್ರಿಕೆಯವರ ಕೆಲಸ ಎನ್ನುತ್ತಿದ್ದರು. ಆದರೂ ಹೋಗಿ ಕೂತೆ. ಮೊದಲ ದಿನವೇ ಎಡವಟ್ಟು ಮಾಡಿಕೊಂಡೆ. ಹನ್ನೊಂದು ಗಂಟೆಯ ಹೊತ್ತಿಗೆ ಯಾರೋ ದೊಡ್ಡ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು. ಕುಡಿದೆ, ತುಂಬಾ ಚೆನ್ನಾಗಿದೆ ಎಂದು ಹೊಗಳಿದೆ, ಇನ್ನರ್ಧ ಲೋಟ ಹಾಕಿಸಿಕೊಂಡೆ. ಅದು ಬೀಚ್ ಕಚೇರಿಯ ಹಳಬರು ಎದುರಿನ ಹೋಟೆಲಿನಿಂದ ತರಿಸುವ ಕಾಫಿ. ಕೋಣೆಯ ನಡುವೆ ನಿಲ್ಲಿಸಿದ್ದ ಕಬ್ಬಿಣದ ಬೀರುವಿನ ಆಚೆ ತಿರುವೊಟ್ಟಿಯೂರಿನವರು ತಮ್ಮದೇ ಕರೆಂಟ್ ಒಲೆ ಇಟ್ಟುಕೊಂಡು, ತಮ್ಮದೇ ಡಿಕಾಕ್ಷನ್ ಇಳಿಸಿ, ತಮ್ಮದೇ ಕಾಫಿ ಮಾಡಿಕೊಳ್ಳುತ್ತಿದ್ದರು ಎಂಬುದು ನನ್ನ ಗಮನಕ್ಕೆ ಬಂದದ್ದು ಎಷ್ಟೋ ದಿನ ಕಳೆದ ಮೇಲೆ.

ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. ಬೀರುವಿನ ಈಚೆಯವರು ನನ್ನೆದುರು ಸಂಬಳದಿಂದ ಸಂಬಂಧದವರೆಗೆ ಎಲ್ಲವನ್ನೂ ಹರಟುತ್ತಿದ್ದರು. ಆಚೆ ಹೋದರೆ ಕುರ್ಚಿ ಕೊಡುತ್ತಿದ್ದರು, ಫ್ಯಾನ್ ಹಾಕುತ್ತಿದ್ದರು, ಎಲ್ಲಾ ಚೆನ್ನಾಗಿದೆ ಮೇಡಂ ಎಂದು ಸುಮ್ಮನಾಗುತ್ತಿದ್ದರು. ಅವರಲ್ಲಿ ಹಿರಿಯರಾದ ಹೆಂಗಸೊಬ್ಬರು ಒಂದು ದಿನ ನಗುತ್ತಲೇ, "ನೀಂಗ ಅಂದ ಪಕ್ಕಂ ದಾನೇ ಮೇಡಂ" ಎಂದುಬಿಟ್ಟರು. ನೀವು ಆ ಕಡೆಯವರಲ್ಲವೇ ಎಂದು. ನನಗೆ ಅಳುವೇ ಬಂತು. ಯಾವ ಕಡೆಗೂ ಸೇರದೆ ಇರುವುದೇ ಸಂಶೋಧಕರ ಮೊದಲ ಪಾಠ ಎಂದು ಓದಿಕೊಂಡು ಬಂದವಳು ನಾನು.

ಸರ್ ಮುಂದೆ ಎಲ್ಲ ಹೇಳಿಕೊಂಡಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಗಂಡಿನವರ ಪಂಕ್ತಿಯೊಳಗ ಕೂತು ಉಂಡು, ಹೆಣ್ಣಿನವರ ಮನೀ ಸುದ್ದಿ ಕೇಳಾಕ ಹೋದಂಗಾತು ನೋಡು!" ಆಮೇಲೆ ನಗು ನಿಲ್ಲಿಸಿ, "ಇದನ್ನ ಮುಚ್ಚಿಡಬ್ಯಾಡ. ಹೆಂಗಾತೋ ಹಂಗ ಬರಿ. ನೀ ತಪ್ಪಿ ಅವರ ಕಾಫಿ ಕುಡೀಲಿಲ್ಲಂದ್ರ, ಅಲ್ಲಿ ಎರಡು ಕಡೆ ಅದಾವು ಅನ್ನೂದರ ಎಲ್ಲಿ ಗೊತ್ತಾಗತಿತ್ತು?" ಎಂದರು. ಬೇರೆ ಯಾರಾದರೂ ಆಗಿದ್ದರೆ ಕಚೇರಿ ಬದಲಿಸು ಎನ್ನುತ್ತಿದ್ದರು. ನನ್ನ ಹೆಡ್ಡತನವನ್ನೇ ಸಂಶೋಧನೆ ಮಾಡಿಬಿಟ್ಟ ಆ ಮನುಷ್ಯನ ಮೇಲೆ ನನಗೆ ಅವತ್ತೇ ಭಕ್ತಿ ಹುಟ್ಟಿತು.

ಅಂದಿನಿಂದ ಎರಡೂ ಕಡೆ ಕುಡಿಯತೊಡಗಿದೆ. ಫ್ಲಾಸ್ಕಿನದೊಂದು, ಒಲೆಯದೊಂದು. ಬೀರುವಿನ ಆಚೆಯವರು ನನ್ನನ್ನು ನಂಬುವ ಹೊತ್ತಿಗೆ ನನಗೆ ಹುಳಿತೇಗು ಹತ್ತಿಕೊಂಡಿತ್ತು. ಅಮ್ಮ ಜೀರಿಗೆ ನೀರಿನ ಲೋಟ ಹಿಡಿದು, "ಏನ್ಡೀ ಇದು ಪಡಿಪ್ಪು? ದಿನಾ ಹೀಗೆ ಕುಡೀತಾ ಇದ್ರೆ ವಯಿರು ಏನಾಗತ್ತೆ?" ಎಂದು ನನ್ನ ಓದನ್ನೂ ಹೊಟ್ಟೆಯನ್ನೂ ಸೇರಿಸಿ ಬೈಯುತ್ತಿದ್ದಳು. ಪರವಾಯಿಲ್ಲಮ್ಮಾ, ಸರ್ ಹೇಳಿದ್ದಾರೆ ಎಂದರೆ, "ಹಾಗಾದ್ರೆ ನಿಮ್ಮ ಸಾರನ್ನೇ ಬಂದು ಒಂದು ಲೋಟ ಕುಡಿಯಕ್ಕೆ ಹೇಳು" ಎನ್ನುತ್ತಿದ್ದಳು.

ಕೊನೆಗೆ ತಕ್ಕಡಿಯನ್ನೂ ಹಂಚಿದೆವು. ತಮಿಳಿಗೆ ಅನುವಾದಿಸಿ, ಹೆಸರು ಬರೆಯುವಂತಿಲ್ಲ ಎಂದು ಸಾರಿ ಹೇಳಿ ಕೊಟ್ಟೆ. ಬೀರುವಿನ ಎರಡೂ ಬದಿಯಲ್ಲಿ ಜನ ತಲೆ ತಗ್ಗಿಸಿ ಗುರುತು ಹಾಕಿದರು. ಸ್ಕೂಲಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೂತು ಲೆಕ್ಕ ಹಾಕಿದಾಗ ಬಂದ ಫಲಿತಾಂಶ ನೋಡಿ ದಂಗಾದೆ. ಅಂಥ ಒಗ್ಗಟ್ಟಿನ ಕಚೇರಿ ಇನ್ನೊಂದಿಲ್ಲ! ಎಲ್ಲರೂ ಎಲ್ಲರನ್ನೂ ತಮ್ಮವರೆಂದು ಪೂರ್ತಿ ಒಪ್ಪಿಬಿಟ್ಟಿದ್ದರು. ಮಾರನೆಯ ದಿನ ಹೋಗಿ ನೋಡಿದರೆ ಅದೇ ಫ್ಲಾಸ್ಕು, ಅದೇ ಒಲೆ. ಕೆಲಸ ಉಳಿಯಬೇಕಾದವರು ಕಾಗದದ ಮೇಲೆ ಇನ್ನೇನು ಹೇಳುತ್ತಾರೆ? ಅದು ಗೊತ್ತಾಗಲು ಪಿ.ಎಚ್‌ಡಿ ಬೇಕಿರಲಿಲ್ಲ. ಆದರೆ ಅದನ್ನು ಬರೆಯುವುದೆಂದರೆ, ಇಂಥ ಕಡೆ ಸರ್ ಅವರ ತಕ್ಕಡಿ ಸುಳ್ಳು ತೂಗುತ್ತದೆ ಎಂದು ಬರೆದ ಹಾಗೆ.

ಹೆದರಿ ಹೆದರಿ ಬರೆದೆ. ಪ್ರಶ್ನಾವಳಿಯ ಉಪಯುಕ್ತತೆ ನಿರ್ವಿವಾದ, ಆದಾಗ್ಯೂ ಕೆಲವು ವಿಶೇಷ ಸಂದರ್ಭಗಳಲ್ಲಿ, ಎಂದೆಲ್ಲ ಸುತ್ತಿ ಬಳಸಿ, ವಿಷಯವನ್ನು ಒಂದು ಅಡಿಟಿಪ್ಪಣಿಗೆ ತಳ್ಳಿದ್ದೆ. ಸರ್ ಯಾವಾಗಲೂ ಪೆನ್ಸಿಲಿನಲ್ಲೇ ತಿದ್ದುತ್ತಿದ್ದರು, ಒಪ್ಪಿಗೆಯಾಗದಿದ್ದರೆ ವಿದ್ಯಾರ್ಥಿ ಅಳಿಸಿಕೊಳ್ಳಲಿ ಎಂದು. ಅವತ್ತು ನನ್ನ ಕೈಯಿಂದಲೇ ಪೆನ್ನು ಇಸಿದುಕೊಂಡು ಆ ಇಡೀ ಪುಟಕ್ಕೆ ಅಡ್ಡಗೆರೆ ಎಳೆದರು.

"ಇದನ್ನ ಯಾರು ಬರದ್ರು?"

"ನಾನೇ ಸರ್."

"ನೀ ಬರದಿಲ್ಲ. ನಿನ್ನ ಹೆದರಿಕಿ ಬರದೈತಿ. ಏನ್ ಕಂಡಿ ಅದನ್ನ ಬರಕೊಂಡ ಬಾ."

"ಸರ್, ಅದು ನಿಮ್ಮ ಪ್ರಶ್ನಾವಳಿ..."

"ನಂದು ಅನ್ನೂದು ನನಗೂ ಗೊತ್ತೈತಿ" ಎಂದು ಕಿಟಕಿಯ ಕಡೆ ತಿರುಗಿ ಕೂತರು. ಅವರಿಗೆ ನೋವಾಗಿರಲಿಲ್ಲ ಎಂದು ನಾನು ಹೇಳಲಾರೆ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಬೇಗ ಉಂಡು ಎದ್ದರು. ಯಾರ ತಟ್ಟೆಗೂ ಚಟ್ನಿಪುಡಿ ಬೀಳಲಿಲ್ಲ.

ನಮ್ಮಲ್ಲಿ ಪ್ರಬಂಧ ಒಪ್ಪಿಸುವ ಮೊದಲು ಒಂದು ಸೆಮಿನಾರ್ ಇರುತ್ತಿತ್ತು. ಕಂಡುಕೊಂಡದ್ದನ್ನು ಎಲ್ಲ ಪ್ರೊಫೆಸರುಗಳ ಎದುರು ನಿಂತು ಹೇಳಬೇಕು. ಅವರು ಒಪ್ಪಿದರೆ ಮುಂದೆ, ಇಲ್ಲವಾದರೆ ಮತ್ತೆ ಮೊದಲಿನಿಂದ. ಗೈಡ್ ಆದವರು ಹಿಂದಿನ ಸಾಲಿನಲ್ಲಿ ಕೂರಬೇಕು, ಶಿಷ್ಯರ ಪರವಾಗಿ ಒಂದು ಮಾತೂ ಆಡಬಾರದು ಎಂಬುದು ಅಲ್ಲಿನ ಕಟ್ಟುನಿಟ್ಟಿನ ಪದ್ಧತಿ. ನನ್ನ ಸೆಮಿನಾರ್ ಬರುವ ಹೊತ್ತಿಗೆ ಅಪ್ಪನಿಗೆ ರಿಟೈರ್ ಆಗಿತ್ತು, ನನ್ನ ಫೆಲೋಶಿಪ್ ಮುಗಿಯುತ್ತಾ ಬಂದಿತ್ತು. ಮೊದಲಿನಿಂದ ಶುರು ಮಾಡು ಎಂದರೆ ನಾನು ಪಿ.ಎಚ್‌ಡಿಯನ್ನು ಅಲ್ಲಿಗೇ ಬಿಟ್ಟು ಯಾವುದಾದರೂ ಕೆಲಸ ಹುಡುಕಬೇಕಿತ್ತು.

ತಕ್ಕಡಿಯ ವಿಷಯವನ್ನೂ ಮುಚ್ಚಿಡದೆ ನಾನು ಹೇಳಿ ಮುಗಿಸುತ್ತಲೇ ಪ್ರೊಫೆಸರೊಬ್ಬರು ಎದ್ದರು. ಸರ್ ಅವರ ಹಳೆಯ ಶಿಷ್ಯರು, ತಕ್ಕಡಿಯ ಮೇಲೆಯೇ ಪಿ.ಎಚ್‌ಡಿ ಪಡೆದವರು. ಗುರುವಿನ ಮೇಲೆ ಅವರಿಗಿದ್ದ ಪ್ರೀತಿ ದೊಡ್ಡದು, ಅದಕ್ಕೇ ಸಿಟ್ಟೂ ದೊಡ್ಡದಾಗಿತ್ತು. ಎಲ್ಲ ಕಡೆ ಒಪ್ಪಿಗೆಯಾದ ಪ್ರಶ್ನಾವಳಿ ತಪ್ಪು, ಮೊದಲ ದಿನವೇ ಒಂದು ಪಕ್ಷದ ಕಾಫಿ ಕುಡಿದು ಕೂತ ನಿನ್ನ ಕಣ್ಣು ಸರಿ ಎನ್ನುತ್ತೀಯಾ, ಎಂದು ಇಂಗ್ಲಿಷಿನಲ್ಲಿ ಝಾಡಿಸಿದರು. ಬೇರೆ ಬೇರೆ ಕಚೇರಿಗಳಿಗೆ ಪ್ರಶ್ನಾವಳಿ ಹಂಚಿ ಹೊಸದಾಗಿ ಅಧ್ಯಯನ ಮಾಡಲಿ ಎಂಬುದು ಅವರ ಸಲಹೆ. ನಾಲ್ಕಾರು ತಲೆಗಳು ಹೌದು ಹೌದು ಎಂದು ಆಡಿದವು. ನಾನು ಹಿಂದಿನ ಸಾಲಿನತ್ತ ನೋಡಿದೆ. ಸರ್ ಕೈಕಟ್ಟಿ ಕೂತಿದ್ದರು, ಜಗಳಕ್ಕೆ ಎಂದೂ ಹಿಂದೆ ಸರಿಯದ ಮನುಷ್ಯ.

ಬೇರೆ ದಾರಿಯಿಲ್ಲದೆ ನಾನೇ ಮಾತಾಡಿದೆ. ಕಾಫಿ ಕುಡಿದದ್ದು ನಿಜ, ಅದನ್ನು ಮೊದಲ ಅಧ್ಯಾಯದಲ್ಲೇ ಬರೆದಿದ್ದೇನೆ. ಕುಡಿದದ್ದರಿಂದಲೇ ಆ ಕಚೇರಿಯಲ್ಲಿ ಎರಡು ಕಡೆಗಳಿವೆ ಎಂದು ನನಗೆ ಗೊತ್ತಾಯಿತು. ಪ್ರಶ್ನಾವಳಿ ಯಾರ ಕಾಫಿಯನ್ನೂ ಕುಡಿಯುವುದಿಲ್ಲ, ಹಾಗಾಗಿ ಅದಕ್ಕೆ ಗೊತ್ತಾಗಲಿಲ್ಲ, ಎಂದೆ. ಯಾರೋ ನಕ್ಕರು. ಆ ಪ್ರೊಫೆಸರ್ ನಗಲಿಲ್ಲ.

ಇನ್ನೇನಾದರೂ ಪ್ರಶ್ನೆ ಉಂಟೇ ಎಂದು ಅಧ್ಯಕ್ಷತೆ ವಹಿಸಿದ್ದ ಡೀನ್ ಕೇಳಿದರು. ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಸಭೆಯ ತಲೆಗಳೆಲ್ಲ ಹಿಂದೆ ತಿರುಗಿದವು. ಗೈಡ್ ಪರ ವಹಿಸಬಾರದು ಅಷ್ಟೆ, ಪ್ರಶ್ನೆ ಕೇಳಬಾರದು ಎಂದೇನಿಲ್ಲ. ಆದರೆ ತಮ್ಮ ವಿದ್ಯಾರ್ಥಿಯನ್ನೇ ಇಕ್ಕಟ್ಟಿಗೆ ಸಿಕ್ಕಿಸುವ ಗೈಡ್ ಎಲ್ಲಿರುತ್ತಾರೆ? ಸರ್ ಎದ್ದು ನಿಂತು, ನನಗೆ ಗುರುತೇ ಇಲ್ಲದವರ ಹಾಗೆ, ನಿಧಾನವಾದ ಇಂಗ್ಲಿಷಿನಲ್ಲಿ ಕೇಳಿದರು. ಹಾಗಾದರೆ ವಿಲೀನಗೊಂಡ ಕಚೇರಿಗಳಲ್ಲಿ ಈ ಪ್ರಶ್ನಾವಳಿಯನ್ನು ಇಷ್ಟು ವರ್ಷ ಬಳಸಿದವರಿಗೆ, ಅದರ ಮೇಲೆ ಲೇಖನ ಬರೆದವರಿಗೆ, ನಾವು ಈಗ ಏನು ಹೇಳಬೇಕು?

ಹಾಗೆ ಬರೆದವರಲ್ಲಿ ಅವರೇ ಮೊದಲಿಗರು ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಇನ್ನಷ್ಟು ಅಧ್ಯಯನ ಆಗಬೇಕು ಎಂಬ ನಯವಾದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು, ಅದನ್ನು ಹೇಳಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವರು ಕೂರಲಿಲ್ಲ. ಕಾದರು.

"ಅವರು ತಪ್ಪಾಗಿ ಅಳೆದಿದ್ದಾರೆ ಎಂದು ಹೇಳಬೇಕು, ಸರ್" ಎಂದೆ.

ಥ್ಯಾಂಕ್ ಯೂ ಎಂದು ಅವರು ಕೂತರು. ಅವರ ಹಳೆಯ ಶಿಷ್ಯರು ಮತ್ತೆ ಏಳಲಿಲ್ಲ. ಗುರುವೇ ಕೇಳಿಸಿಕೊಂಡು ಸುಮ್ಮನಾದ ಮೇಲೆ ಅವರಾದರೂ ಏನೆನ್ನಬಲ್ಲರು? ಪ್ರಬಂಧ ಬರೆದು ಮುಗಿಸಬಹುದು ಎಂದು ಡೀನ್ ಘೋಷಿಸಿದರು. ಯಾರೋ ಬಂದು ಕೈಕುಲುಕಿದರು. ಯಾರು ಎಂಬುದು ಇವತ್ತಿಗೂ ನೆನಪಿಗೆ ಬರುವುದಿಲ್ಲ.

ಹೊರಗೆ ಬಂದರೆ ಸರ್ ಬೇವಿನ ಮರದ ಕೆಳಗೆ ಸ್ಕೂಟರಿನ ಸೀಟು ಒರೆಸುತ್ತಿದ್ದರು. ಹೋಗಿ ಎದುರು ನಿಂತೆ. ಕಣ್ಣಲ್ಲಿ ನೀರು ಬಂತು. ಅವರು ಬಟ್ಟೆ ಮಡಚಿ ಡಿಕ್ಕಿಯೊಳಗೆ ಹಾಕಿದರು.

"ಹೆದರಿದ್ಯೇನ ತಂಗಿ?"

"ತುಂಬಾ ಸರ್."

"ನಾನೂ ಹೆದರಿದ್ದೆ" ಎಂದರು. "ಎಲ್ಲಿ ನನ್ನ ಉಳಿಸಾಕ ಹೋಗತೀಯೋ ಅಂತ."