ಕಪ್ಪೇ ಬೀಳುವ ಬೀಜ

ಹುಣಸೆ ಬೀಜವನ್ನು ಸಿಮೆಂಟಿನ ಮೆಟ್ಟಿಲಿಗೆ ಒತ್ತಿ ತೇಯ್ದರೆ ಒಂದು ವಾಸನೆ ಬರುತ್ತದೆ. ಸುಟ್ಟದ್ದೂ ಅಲ್ಲ, ಹುರಿದದ್ದೂ ಅಲ್ಲ, ಅವೆರಡರ ನಡುವಿನದು. ಹೋದ ಭಾನುವಾರ ನಮ್ಮ ಹಿಟ್ಟಿನ ಮಿಲ್ಲಿನ ಮೆಟ್ಟಿಲ ಮೇಲೆ ನನ್ನ ಮಗಳು, ರಾಗಿ ಹೊತ್ತು ತಂದವರ ಮಕ್ಕಳ ಜೊತೆ ಕೂತು ಚೌಕಾಬಾರಕ್ಕೆ ಬೀಜ ತೇಯುತ್ತಿದ್ದಳು. ಒಂದು ಮಗ್ಗುಲು ಬೆಳ್ಳಗಾಗುವ ತನಕ ತೇಯುವುದು, ಬಿಸಿಯಾದ ಬೀಜವನ್ನು ಪಕ್ಕದವರ ಕೈಗೆ ಚುರ್ ಅನ್ನುವಂತೆ ಒತ್ತುವುದು, ಅವರು ಕಿರುಚುವುದು. ಗದರೋಣವೆಂದು ಹೊರಗೆ ಬಂದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬೈಗುಳ ಬಾಯಲ್ಲೇ ಉಳಿಯಿತು. ಒಳಗೆ ಯಾರದೋ ರಾಗಿ ಮುಗಿಯುತ್ತಾ ಬಂದಿತ್ತು, ಅದನ್ನೂ ಮರೆತು ಅಲ್ಲೇ ನಿಂತುಬಿಟ್ಟೆ.

ಮೇಷ್ಟ್ರು ನೆನಪಾದರು... ನಮ್ಮ ಲೆಕ್ಕದ ಮೇಷ್ಟ್ರು.

ಹಳೇಕೋಟೆಯ ಆಚೆಗಿರುವ ನಮ್ಮೂರಿನ ಹೈಸ್ಕೂಲಿನಲ್ಲಿ ನಾನು ಎಸ್ಸೆಸ್ಸೆಲ್ಸಿ ಓದುತ್ತಿದ್ದಾಗ ಅವರು ನಮಗೆ ಗಣಿತ ಹೇಳುತ್ತಿದ್ದರು. ಕುರ್ಚಿಯಲ್ಲಿ ಕೂತದ್ದನ್ನು ನಾನಂತೂ ನೋಡಿಲ್ಲ. ಬೆಂಚುಗಳ ನಡುವೆ ಹಿಂದಕ್ಕೂ ಮುಂದಕ್ಕೂ ಓಡಾಡುವುದು, ಸೀಮೆಸುಣ್ಣವನ್ನು ಈ ಕೈಯಿಂದ ಆ ಕೈಗೆ ಎಸೆಯುವುದು, ಏನಾದರೂ ಕೇಳಿದರೆ ನಾವು ಉತ್ತರ ಹೇಳುವ ತನಕ ಒಂದು ಕಾಲನ್ನು ಪಟಪಟ ಬಡಿಯುವುದು. ಅವರ ಹಿಂದೆ ತಿರುಗಿ ತಿರುಗಿ ನಮ್ಮ ಕತ್ತು ನೋಯುತ್ತಿತ್ತು. ನನಗೂ ಒಂದು ಕಡೆ ಕೂರಲಾಗದ ಸ್ವಭಾವ. ಅದಕ್ಕೇ ಇರಬೇಕು, ಅವರ ಪಾಠ ಮಾತ್ರ ನನಗೆ ತಲೆಗೆ ಹತ್ತುತ್ತಿತ್ತು.

ವರ್ಷದ ಕೊನೆಗೆ ಸಂಭವನೀಯತೆ ಎಂಬ ಪಾಠ ಬಂತು. ಹೆಸರು ಕೇಳಿಯೇ ಅರ್ಧ ಕ್ಲಾಸು ಸೋತು ಕೂತಿತ್ತು. ಮೇಷ್ಟ್ರು ಪುಸ್ತಕ ಮುಚ್ಚಿಟ್ಟು ಜೇಬಿನಿಂದ ಒಂದು ರೂಪಾಯಿ ಬಿಲ್ಲೆ ತೆಗೆದರು. ಸಿಂಹದ ಮಗ್ಗುಲು ಮೇಲೆ ಬಂದರೆ ಶಿರ, ಕೆಳಗೆ ಹೋದರೆ ಪುಚ್ಛ ಅಂದರು. ಪುಚ್ಛ ಎಂದರೆ ಬಾಲವೆಂದು ಗೊತ್ತಾಗಿ ಹುಡುಗರು ಕಿಸಕ್ಕನೆ ನಕ್ಕರು. ಅವರೂ ನಕ್ಕರು. ಏನೇನು ಬೀಳಬಹುದೋ ಅದನ್ನೆಲ್ಲ ಎಣಿಸಿ ಗೆರೆಯ ಕೆಳಗೆ ಬರೆಯಿರಿ, ನಮಗೆ ಬೇಕಾದ್ದು ಎಷ್ಟೋ ಅದನ್ನು ಗೆರೆಯ ಮೇಲೆ ಬರೆಯಿರಿ, ಮುಗಿಯಿತು ಅಂದರು. ಬಿಲ್ಲೆಗೆ ಎರಡರಲ್ಲಿ ಒಂದು, ಅಂದರೆ ಅರ್ಧ. ದಾಳಕ್ಕೆ ಆರರಲ್ಲಿ ಒಂದು. ಚೀಲದಲ್ಲಿ ಮೂರು ಕೆಂಪು ಗೋಲಿ, ಎರಡು ನೀಲಿ ಗೋಲಿ ಇದ್ದರೆ ನೀಲಿ ಸಿಗುವುದು ಐದರಲ್ಲಿ ಎರಡು. ಇಷ್ಟೇನಾ ಅನ್ನಿಸಿತು ನಮಗೆ. ಆಮೇಲೆ ಅವರು, ನಾಳೆ ಮಳೆ ಬರುತ್ತದೆ ಅಥವಾ ಬರುವುದಿಲ್ಲ, ಎರಡೇ ತಾನೇ, ಹಾಗಾದರೆ ಮಳೆ ಬರುವ ಸಂಭವನೀಯತೆ ಎಷ್ಟು ಅಂತ ಕೇಳಿದರು. ಇಡೀ ಕ್ಲಾಸು ಒಂದೇ ದನಿಯಲ್ಲಿ ಅರ್ಧ ಅಂದಿತು. ಮೇಷ್ಟ್ರು ಹಣೆ ಚಚ್ಚಿಕೊಂಡು ಹೊರಗೆ ಹೋದರು.

ಮಾರನೆಯ ದಿನ ಬಂದವರು ಒಂದೊಂದು ಬೆಂಚಿಗೂ ಒಂದೊಂದು ಹುಣಸೆ ಬೀಜ ಕೊಟ್ಟರು. ಚೌಕಾಬಾರಕ್ಕೆ ತೇಯುವ ಹಾಗೆ ಒಂದು ಮಗ್ಗುಲನ್ನು ಚೆನ್ನಾಗಿ ತೇಯ್ದ ಬೀಜಗಳು. ಒಂದು ಕಡೆ ಚಪ್ಪಟೆ, ಬಿಳಿ. ಇನ್ನೊಂದು ಕಡೆ ಉಬ್ಬು, ಕಪ್ಪು. ಇದಕ್ಕೂ ಎರಡೇ ಮಗ್ಗುಲು, ಇದಕ್ಕೂ ಅರ್ಧವೇನಾ, ಹಾಕಿ ನೋಡಿ ಅಂದರು. ಆ ಪೀರಿಯಡ್ಡು ಪೂರ್ತಿ ಬೀಜ ಎಸೆಯುವುದು, ಬೋರ್ಡಿನ ಮೇಲೆ ಗೀಟು ಹಾಕುವುದು, ಬೆಂಚಿನ ಕೆಳಗೆ ನುಸುಳಿ ಬೀಜ ಹುಡುಕುವುದು. ಕೊನೆಗೆ ನೋಡಿದರೆ ಎಲ್ಲ ಬೆಂಚಿನಲ್ಲೂ ಕಪ್ಪಿನ ಗೀಟೇ ಹೆಚ್ಚು. ನಾನು ಎದ್ದು ನಿಂತು, ನಮ್ಮಜ್ಜಿ ಬೀಜವನ್ನು ಜಾಸ್ತಿ ತೇಯಲು ಬಿಡುವುದಿಲ್ಲ, ತೇಯ್ದಷ್ಟೂ ಚಪ್ಪಟೆ ಮಗ್ಗುಲು ನೆಲ ಹಿಡಿದು ಬರೀ ಕಪ್ಪೇ ಬೀಳುತ್ತದೆ, ಆಟದ ಗರ ಕೆಡುತ್ತದೆ ಅಂತ ಬೈಯುತ್ತಾಳೆ ಅಂದೆ. ಮೇಷ್ಟ್ರ ಓಡಾಟ ನಿಂತಿತು. ಇನ್ನೊಂದು ಸಲ ಗಟ್ಟಿಯಾಗಿ ಹೇಳು ಅಂದರು. ಹೇಳಿದೆ. ಎರಡು ಮಗ್ಗುಲಿದ್ದ ಮಾತ್ರಕ್ಕೆ ಅರ್ಧ ಆಗುವುದಿಲ್ಲ, ಎರಡಕ್ಕೂ ಸಮನಾದ ಅವಕಾಶ ಇರಬೇಕು, ಇವಳ ಅಜ್ಜಿಗೆ ಅದು ಗೊತ್ತು ಅಂತ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು. ಅವತ್ತು ನಾನು ಮನೆಗೆ ನಡೆದು ಹೋದೆನೋ ಹಾರಿ ಹೋದೆನೋ ಗೊತ್ತಿಲ್ಲ. ಹೇಳಲು ಪಕ್ಕದಲ್ಲಿ ಗೆಳತಿ ಇರಲಿಲ್ಲವೆಂಬುದೊಂದೇ ಬೇಜಾರು. ನನ್ನ ಬೆಂಚಿನವಳು ಜ್ವರವೆಂದು ಆ ವಾರ ಶಾಲೆಗೇ ಬಂದಿರಲಿಲ್ಲ.

ಅದೇ ದಿನಗಳಲ್ಲಿ ಹಾಸನದ ಒಂದು ಟ್ರಸ್ಟಿನವರು ಶಾಲೆಗೆ ತಿಳಿಸಿದ್ದರು. ಒಬ್ಬರನ್ನು ಆರಿಸಿ ಕಳಿಸಿದರೆ ಎರಡು ವರ್ಷ ಪಿಯುಸಿ ಸೈನ್ಸು ಓದಿಸುತ್ತೇವೆ, ಹಾಸ್ಟೆಲ್ಲು, ಊಟ, ಪುಸ್ತಕ ಎಲ್ಲ ನಮ್ಮದೇ ಅಂತ. ನನಗೂ ನನ್ನ ಗೆಳತಿಗೂ ಅರ್ಧವಾರ್ಷಿಕದಲ್ಲಿ ಒಂದೇ ಮಾರ್ಕ್ಸ್ ಬಂದಿತ್ತು. ಅವಳ ಅಪ್ಪನದು ಹೊಳೆನರಸೀಪುರದಲ್ಲಿ ಬಟ್ಟೆ ಅಂಗಡಿ. ಸೀಟು ಸಿಗದಿದ್ದರೂ ಅವಳು ಓದುತ್ತಿದ್ದಳು. ನಮ್ಮಪ್ಪ ಮಾತ್ರ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು, ಆ ಸೀಟು ಸಿಕ್ಕಿದರೆ ಹಾಸನಕ್ಕೆ ಹೋಗು, ಇಲ್ಲದಿದ್ದರೆ ಮಿಲ್ಲಿಗೆ ಇನ್ನೊಂದು ಕೈ ಬೇಕು. ನನಗೋ ಸೈನ್ಸಿನ ಹುಚ್ಚು. ಲ್ಯಾಬಿನಲ್ಲಿ ಬಿಳಿ ಕೋಟು ಹಾಕಿಕೊಂಡು ನಿಂತ ಹಾಗೆ ಕನಸು ಬೀಳುತ್ತಿತ್ತು. ಇದೆಲ್ಲ ಮೇಷ್ಟ್ರಿಗೆ ಗೊತ್ತಿತ್ತು.

ಹೆಡ್ ಮಾಸ್ಟರು ತಮಗೆ ತಲೆನೋವು ಬೇಡವೆಂದು, ಲೆಕ್ಕದ ಮೇಷ್ಟ್ರೇ ಏನಾದರೊಂದು ಮಾಡಿ ತೀರ್ಮಾನಿಸಲಿ ಅಂದರು. ನಮ್ಮಿಬ್ಬರನ್ನೂ ಆಫೀಸಿಗೆ ಕರೆಸಿದರು. ಮೇಷ್ಟ್ರು ಅಂಗಿಯ ಜೇಬಿಗೆ ಕೈ ಹಾಕಿದರು. ರೂಪಾಯಿ ಬಿಲ್ಲೆ ಸದಾ ಅಲ್ಲೇ ಇರುತ್ತಿತ್ತು. ಆದರೆ ಹೊರಗೆ ಬಂದದ್ದು ಬೀಜ. ನನ್ನನ್ನು ತೋರಿಸಿ ಕಪ್ಪು ಬಿದ್ದರೆ ಇವಳು, ಗೆಳತಿಯನ್ನು ತೋರಿಸಿ ಬಿಳಿ ಬಿದ್ದರೆ ಅವಳು ಅಂದರು. ಅನ್ನುವಾಗ ಕಿಟಕಿಯ ಕಡೆ ನೋಡುತ್ತಿದ್ದರು.

ಗೆಳತಿ ಒಪ್ಪಿ ತಲೆಯಾಡಿಸಿದಳು. ಪಾಪ, ಬೀಜದ ದಿನ ಅವಳು ಬಂದಿರಲಿಲ್ಲ, ಅವಳಿಗೇನು ಗೊತ್ತು. ಹೆಡ್ ಮಾಸ್ಟರಿಗೂ ಗೊತ್ತಿಲ್ಲ. ಆ ಕೋಣೆಯಲ್ಲಿ ಗೊತ್ತಿದ್ದವರು ಇಬ್ಬರೇ. ಮೇಷ್ಟ್ರು ಮರೆತಿದ್ದಾರೆ ಅಂತಲೇ ನಾನು ತಿಳಿದೆ. ಹೇಳಲೋ ಬೇಡವೋ ಅಂತ ಯೋಚಿಸುವಷ್ಟು ಹೊತ್ತೂ ಇರಲಿಲ್ಲ. ಬೀಜ ಹಿಡಿದ ಕೈ ಮೇಲೇಳುತ್ತಿತ್ತು.

"ಸಾ, ಅದು ಸಮ ಇಲ್ಲ ಕಣ್ ಸಾ. ಕಪ್ಪೇ ಜಾಸ್ತಿ ಬೀಳ್ತದೆ," ಅಂದೆ.

ಕೈ ಅಲ್ಲೇ ನಿಂತಿತು. ಮೇಷ್ಟ್ರು ನನ್ನ ಮುಖವನ್ನೇ ನೋಡಿದರು, ತುಂಬ ಹೊತ್ತು ನೋಡಿದರು. ಹೆಡ್ ಮಾಸ್ಟರು ನಗುತ್ತಾ, ಹಾಗಾದರೆ ರೂಪಾಯಿ ಹಾಕಿ, ಅದಕ್ಕೇನಂತೆ ಅಂದರು. ನನಗೆ ಶಿರ, ಅವಳಿಗೆ ಪುಚ್ಛ. ಬಿಲ್ಲೆ ಮೇಲೆ ಹೋಯಿತು, ನೆಲಕ್ಕೆ ಬಿದ್ದು ಉರುಳಿ ಟೇಬಲ್ಲಿನ ಕಾಲಿಗೆ ತಾಗಿ ಮಲಗಿತು. ಪುಚ್ಛ. ಅವತ್ತು ಯಾರೂ ಕಿಸಕ್ಕನೆ ನಗಲಿಲ್ಲ.

ಪರೀಕ್ಷೆ ಮುಗಿದು ರಜೆ ಬಂತು. ನಾನು ಮಿಲ್ಲಿನಲ್ಲಿ ರಾಗಿ ಸುರಿಯುತ್ತಾ, ಹಿಟ್ಟು ತುಂಬುತ್ತಾ, ಕಂಡಕಂಡವರ ಮೇಲೆ ರೇಗುತ್ತಾ ಇದ್ದೆ. ಒಂದು ಭಾನುವಾರ ಮೇಷ್ಟ್ರು ಡಬ್ಬದಲ್ಲಿ ರಾಗಿ ತಂದರು. ಹಿಟ್ಟಾಗುವ ತನಕ ಮಿಲ್ಲಿನ ಬಾಗಿಲ ಬಳಿಯ ಬೆಂಚಿನ ಹತ್ತಿರ ನಿಂತು ನನಗೊಂದು ಲೆಕ್ಕ ಕೊಟ್ಟರು. ಮುಂದಿನ ಭಾನುವಾರವೂ ಬಂದರು, ಅದರ ಮುಂದಿನ ಭಾನುವಾರವೂ. ಮಿಲ್ಲಿನ ಸದ್ದಿನಲ್ಲಿ ಅವರು ಕೂಗಿ ಕೂಗಿ ಪಾಠ ಹೇಳುವುದು, ನಾನು ಬೆಂಚಿನ ಮೇಲೆ ಕೂತ ಹಿಟ್ಟಿನಲ್ಲೇ ಬೆರಳಿಂದ ಲೆಕ್ಕ ಬಿಡಿಸುವುದು. ಹೊರಡುವ ಹೊತ್ತಿಗೆ ಅವರ ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿರುತ್ತಿತ್ತು. ಅಪ್ಪನಿಗೆ ಮೊದಮೊದಲು ತಮಾಷೆ.

"ಏನ್ ಸಾ, ಓದ್ ವಾರದ್ ಇಟ್ಟು ಆಗ್ಲೇ ಮುಗ್ದೋಯ್ತಾ? ನಿಮ್ಮನೇಲಿ ಮುದ್ದೆ ಉಣ್ಣೋರು ಎಷ್ಟ್ ಜನ?"

ಮೇಷ್ಟ್ರು ನಕ್ಕು ಡಬ್ಬ ಮುಂದೆ ಚಾಚುತ್ತಿದ್ದರು. ತಮಾಷೆ ಕ್ರಮೇಣ ಅಪ್ಪನಿಗೆ ಮುಜುಗರವಾಯಿತು, ಮುಜುಗರ ಕರಗಿ ಒಂದು ದಿನ, ಹೊಳೆನರಸೀಪುರಕ್ಕೆ ಬಸ್ಸಿನಲ್ಲಿ ಹೋಗಿ ಬರುವುದಾದರೆ ಓದಲಿ ಬಿಡಿ ಅನ್ನುವ ತನಕ ಬಂತು. ಸೈನ್ಸು ತಗೊಂಡರೆ ಪ್ರಾಕ್ಟಿಕಲ್ ಮುಗಿಯುವಷ್ಟರಲ್ಲಿ ನಮ್ಮೂರಿನ ಕೊನೆಯ ಬಸ್ಸು ಹೊರಟುಹೋಗುತ್ತಿತ್ತು. ಆರ್ಟ್ಸಿಗೆ ಸೇರಿದೆ. ಆರ್ಟ್ಸ್ ಓದುವವಳಿಗೆ ಲೆಕ್ಕ ಯಾಕೆ ಅಂತ ಯಾರು ಕೇಳಿದರೂ ಮೇಷ್ಟ್ರ ರಾಗಿ ಡಬ್ಬ ಮಾತ್ರ ನಿಲ್ಲಲಿಲ್ಲ.

ಗೆಳತಿ ಹಾಸನಕ್ಕೆ ಹೊರಟ ವಾರ ಅವರು ಬಂದಾಗ ಕರೆಂಟು ಹೋಗಿತ್ತು. ಮಿಲ್ಲು ನಿಂತು ಎಲ್ಲ ನಿಶ್ಶಬ್ದ. ಅಪ್ಪ ಬೀಡಿಗೆಂದು ಹೊರಗೆ ಹೋಗಿದ್ದರು. ಮೇಷ್ಟ್ರು ಬಾಗಿಲಿಂದ ಮಿಲ್ಲಿನ ಬೆಲ್ಟಿನ ತನಕ, ಬೆಲ್ಟಿನಿಂದ ಬಾಗಿಲ ತನಕ ನಡೆದರು. ಮತ್ತೆ ನಡೆದರು. ಬಿಲ್ಲೆ ಹಾಕಿದ್ದರಲ್ಲಿ ಯಾರಿಗೂ ಅನ್ಯಾಯವಾಗಲಿಲ್ಲವಲ್ಲ, ಅರ್ಧ ಅರ್ಧ ತಾನೇ ಅಂತ ನಾನೇ ಅವರಿಗೆ ಸಮಾಧಾನ ಹೇಳುವವಳ ಹಾಗೆ ಅಂದೆ.

"ಅರ್ಧ ಅನ್ನೋದು ಬಿಲ್ಲೆ ಗಾಳೀಲಿ ಇರೋ ತನಕ ಮಾತ್ರ ಕಣಮ್ಮ," ಅಂದರು. "ಕೆಳಕ್ಕೆ ಬಿದ್ಮೇಲೆ ಅವಳಿಗೆ ಪೂರ್ತಿ ಸಿಕ್ತು, ನಿಂಗೆ ಪೂರ್ತಿ ಹೋಯ್ತು."

ಮತ್ತೆ ಬೆಲ್ಟಿನ ತನಕ ಹೋಗಿ, ನನ್ನ ಕಡೆ ತಿರುಗದೆಯೇ ಕೇಳಿದರು. "ಅವತ್ತು ಯಾಕಮ್ಮ ಹೇಳ್ದೆ?"

ಆಗ ಗೊತ್ತಾಯಿತು ನನಗೆ. ಅವರು ಮರೆತಿರಲಿಲ್ಲ. ಬಿಲ್ಲೆಯನ್ನು ಜೇಬಿನಲ್ಲೇ ಬಿಟ್ಟು ಬೇಕೆಂದೇ ಬೀಜ ತೆಗೆದಿದ್ದರು, ಬೇಕೆಂದೇ ನನಗೆ ಕಪ್ಪು ಕೊಟ್ಟಿದ್ದರು. ಪರೀಕ್ಷೆಯಲ್ಲಿ ಅರ್ಧ ಮಾರ್ಕನ್ನೂ ಯಾರಿಗೂ ಬಿಟ್ಟುಕೊಡದ ಮನುಷ್ಯ, ಜೀವನದಲ್ಲಿ ಒಂದೇ ಒಂದು ಸಲ ತಕ್ಕಡಿಯ ಮೇಲೆ ಬೆರಳಿಡಲು ಹೋಗಿದ್ದರು. ನಾನು ಆ ಬೆರಳು ಎತ್ತಿಸಿದ್ದೆ. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಲಿಲ್ಲ. ಅಷ್ಟರಲ್ಲಿ ಕರೆಂಟು ಬಂತು, ಮಿಲ್ಲು ಹೊರಟಿತು, ಅವರು ಮತ್ತೆ ಕೂಗಿಕೊಂಡು ಲೆಕ್ಕ ಹೇಳತೊಡಗಿದರು. ಆ ಪ್ರಶ್ನೆಯನ್ನು ಅವರು ಇನ್ನೊಮ್ಮೆ ಕೇಳಲೇ ಇಲ್ಲ.

ನನ್ನ ಪಿಯುಸಿ ಮುಗಿಯುವ ಹೊತ್ತಿಗೆ ಅವರಿಗೆ ಅರಕಲಗೂಡಿನ ಕಡೆ ವರ್ಗವಾಯಿತು. ನಿವೃತ್ತಿಯಾದ ಮೇಲೆ ಚನ್ನರಾಯಪಟ್ಟಣದಲ್ಲಿ ಮಗಳ ಮನೆ ಸೇರಿದರಂತೆ. ನಾನು ಅಪ್ಪನ ನಂತರ ಮಿಲ್ಲು ಹಿಡಿದೆ. ಗೆಳತಿ ಹಾಸನದಲ್ಲಿ ಔಷಧಿ ಅಂಗಡಿ ನಡೆಸುತ್ತಾಳೆ, ಬಿಳಿ ಕೋಟು ಹಾಕುತ್ತಾಳೆ. ಊರಿಗೆ ಬಂದರೆ ನಮ್ಮಲ್ಲೇ ಹಿಟ್ಟು ಮಾಡಿಸಿಕೊಂಡು ಹೋಗುತ್ತಾಳೆ. ಅವಳನ್ನು ಕಂಡರೆ ಎಷ್ಟೋ ವರ್ಷ ನನಗೆ ಹೊಟ್ಟೆ ಉರಿಯುತ್ತಿತ್ತು. ಈಗ ಉರಿಯುವುದಿಲ್ಲ ಅಂದರೆ ಸುಳ್ಳು, ಕಡಿಮೆಯಾಗಿದೆ ಅಷ್ಟೇ. ಚನ್ನರಾಯಪಟ್ಟಣಕ್ಕೆ ಹೋಗಿ ಮೇಷ್ಟ್ರನ್ನು ನೋಡಬೇಕು, ನೋಡಬೇಕು ಅಂದುಕೊಳ್ಳುತ್ತಲೇ ಇದ್ದೆ...

ಅವರು ಹೋಗಿಬಿಟ್ಟರೆಂದು ರಾಗಿ ತಂದವರೊಬ್ಬರು ಹೇಳಿದಾಗ ತಿಥಿಯೂ ಕಳೆದಿತ್ತು. ಆದರೂ ಹೋದೆ. ಅವರ ಹೆಂಡತಿ ನನ್ನನ್ನು ಗುರುತು ಹಿಡಿದರು. ಮಿಲ್ಲಿನ ಹುಡುಗಿ ಅಲ್ಲವಾ ಅಂದು ಕೈ ಹಿಡಿದು ಕೂರಿಸಿಕೊಂಡರು. ಆ ಎರಡು ವರ್ಷ ಭಾನುವಾರ ಬಂತೆಂದರೆ ಮೇಷ್ಟ್ರು ಬೆಳಗಿನಿಂದ ಮನೆಯೊಳಗೆ ಶತಪಥ ಹಾಕುತ್ತಿದ್ದರಂತೆ, ಡಬ್ಬ ಹಿಡಿದು ಹೊರಟ ಮೇಲೇ ಸಮಾಧಾನವಂತೆ. ಮಾತಿನ ಮಧ್ಯೆ ಅಳುತ್ತಲೇ ನಕ್ಕರು.

"ಮುದ್ದೆ ಅಂದ್ರೆ ಅವರ್ಗೆ ಗಂಟ್ಲಲ್ಲಿ ಇಳೀತಿರ್ಲಿಲ್ಲ ಕಣವ್ವ. ನಮ್ಮನೇಲಿ ರಾಗಿ ತಿನ್ನೋರೇ ಇರ್ಲಿಲ್ಲ. ಆ ಇಟ್ಟನ್ನೆಲ್ಲ ಓನರ್ ಮನೆ ಎಮ್ಮೆಗೆ ಕಲಸಿ ಆಕ್ತಿದ್ದೆ."

ನನಗೂ ನಗು ಬಂತು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಮಾತ್ರ ಕಿಟಕಿಗೆ ಮುಖ ಕೊಟ್ಟು ಬಿಕ್ಕಿ ಬಿಕ್ಕಿ ಅತ್ತೆ.

ಭಾನುವಾರ ಮೆಟ್ಟಿಲ ಮೇಲೆ ನಿಂತಾಗ ಇದೆಲ್ಲ ಒಟ್ಟಿಗೆ ನುಗ್ಗಿ ಬಂತು. ಮಗಳು ಈ ವರ್ಷ ಹತ್ತನೇ ಕ್ಲಾಸು. ತೇಯ್ದ ಬೀಜವನ್ನು ಊದಿಕೊಳ್ಳುತ್ತಾ, ಅಮ್ಮ, ಇದಕ್ಕೂ ಎರಡೇ ಮಗ್ಗುಲು, ಅರ್ಧ ಅಲ್ಲವಾ ಅಂದಳು. ಹಾಕಿ ನೋಡು ಅಂದೆ. ಮಕ್ಕಳೆಲ್ಲ ಬಾಗಿಲ ಬಳಿಯ ಬೆಂಚಿಗೆ ಮುತ್ತಿಕೊಂಡು, ಅದರ ಮೇಲೆ ಕೂತ ಹಿಟ್ಟಿನಲ್ಲಿ ಬೆರಳಿಂದ ಗೀಟು ಎಳೆಯುತ್ತಾ ಬೀಜ ಹಾಕತೊಡಗಿದರು.

ಯಾಕೆ ಹೇಳ್ದೆ ಅಂತ ಕೇಳಿದಿರಲ್ಲ ಸಾ. ನೀವೇ ತಾನೇ ಹೇಳಿಕೊಟ್ಟದ್ದು... ಅವತ್ತು ನನ್ನ ನಾಲಿಗೆಯ ತುದಿಯಲ್ಲಿದ್ದ ಉತ್ತರ ಇಷ್ಟೇ. ಅದನ್ನು ಕೇಳಿ ಅವರಿಗೆ ಖುಷಿಯಾಗುತ್ತಿತ್ತೋ, ತಮ್ಮ ಪಾಠವೇ ಈ ಹುಡುಗಿಯ ಸೀಟು ತಿಂದಿತೆಂದು ಇನ್ನಷ್ಟು ನೋಯುತ್ತಿದ್ದರೋ ತಿಳಿಯದೆ ನುಂಗಿಕೊಂಡಿದ್ದೆ. ಇಷ್ಟು ವರ್ಷ ಯೋಚಿಸಿಯೂ ತಿಳಿದಿಲ್ಲ. ಇನ್ನು ಹೇಳೋಣವೆಂದರೆ ಅವರಿಲ್ಲ.

ಒಳಗಿಂದ ಯಾರೋ, "ಅಕ್ಕಾ, ರಾಗಿ ಮುಗ್ದೋಯ್ತು, ಮಿಲ್ಲು ಬರೀ ತಿರುಗ್ತಾ ಐತೆ," ಅಂದರು. ಬೆಂಚಿನ ಹತ್ತಿರ ಮಗಳು ಕಪ್ಪು, ಕಪ್ಪು, ಬಿಳಿ, ಮತ್ತೆ ಕಪ್ಪು ಅಂತ ಕೂಗುತ್ತಲೇ ಇದ್ದಳು. ನಾನು ಒಳಗೆ ಹೋಗಿ ಸ್ವಿಚ್ಚು ಆರಿಸಿದೆ.