ಕಾರ್ಡಿಗೆ ಇಟ್ಟ ಕುಂಕುಮ

ಶೇಂಗಾ ಹುರಿಯುವಾಗ ಒಳ್ಳೆಯ ಸುದ್ದಿ ಬರಬಾರದು. ಬಂದರೆ ಶೇಂಗಾ ಸೀಯುತ್ತದೆ. ಅವತ್ತು ಪಕ್ಕದ ಮನೆಯ ಶಾಹೀನಾ ಹಿತ್ತಲ ಬಾಗಿಲಲ್ಲಿ ನಿಂತು, "ಅಕ್ಕಾ, ಸಿಕ್ಕಿದ್ರು! ಬಸ್‌ಸ್ಟ್ಯಾಂಡ್ ಹಿಂದ್ಗಡೆ ಮೊಳಕಾಲ್ಮೂರು ಕಡೆಯ ಡಾಕ್ಟರೊಬ್ರು ಶಾಪ್ ತೆಗ್ದಾರೆ. ನಿಮ್ಮ ಕಾರ್ಡ್ ತಗೊಂತಾರಂತೆ, ನಿಮ್ಮತ್ತೇನ ಕರ್ಕೊಂಡ್ ನಡೀರಿ" ಅಂದಳು. ನನ್ನ ಕೈಯಲ್ಲಿದ್ದ ಸೌಟು ನಿಂತೇ ಹೋಯಿತು. ಸಂತೋಷಕ್ಕಲ್ಲ, ಭಯಕ್ಕೆ.

ನಮ್ಮ ಯಜಮಾನರು ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿದ್ದರು. ಮಿಲ್ಲಿನವರಿಗೆ ಸರ್ಕಾರದ ವಿಮೆ ಕಾರ್ಡು ಬಂದಾಗ ಇಡೀ ಸಂಸಾರ ಫೋಟೋ ತೆಗೆಸಿಕೊಂಡು ಬಂದಿದ್ದೆವು. "ಸ್ವಲ್ಪ ನಗ್ರಿ ಅಜ್ಜಿ" ಎಂದ ಸ್ಟುಡಿಯೋದವನನ್ನು ಅತ್ತೆ ಸಾಲ ಕೇಳಲು ಬಂದವನನ್ನು ನೋಡುವ ಹಾಗೆ ನೋಡಿದ್ದರು. ಫೋಟೋದಲ್ಲೂ ಅದೇ ನೋಟ.

ಕಾರ್ಡೇನೋ ಬಂತು. ಅದನ್ನು ತಗೊಳ್ಳುವ ಡಾಕ್ಟರೇ ಸಿಗಲಿಲ್ಲ. ಒಂದು ಕಡೆ ಕಾಂಪೌಂಡರು ಕಾರ್ಡು ಕಂಡ ಕೂಡಲೇ "ಡಾಕ್ಟರು ಊರಾಗಿಲ್ಲ" ಅಂದ. ಒಳಗೆ ಡಾಕ್ಟರು ಸೀನಿದ್ದು ನಮಗೆಲ್ಲ ಕೇಳಿಸಿತು. ಅತ್ತೆಗೋ ದಮ್ಮು. ಗಾಳಿ ಬೀಸುವ ತಿಂಗಳು ಬಂತೆಂದರೆ ಎದೆಯೊಳಗೆ ಯಾರೋ ಕಮ್ಮಾರನ ತಿದಿ ಒತ್ತಿದ ಸದ್ದು. ಆದರೆ ತವರೂರು ನನ್ನಿವಾಳದ ಹಟ ಅವರದು. "ಕಾರ್ಡ್ ಐತೆ ಅಂದ್ಮ್ಯಾಲೆ ದುಡ್ಡು ಕೊಟ್ಟು ಯಾಕ್ ತೋರಿಸ್ಬೇಕು? ಕಾರ್ಡಿಗೆ ನೋಡೋರು ಸಿಕ್ರೆ ಬರ್ತೀನಿ, ಇಲ್ಲಾಂದ್ರೆ ಇಲ್ಲ" ಎಂದು ಕೂತುಬಿಟ್ಟರು.

ಮನುಷ್ಯರ ಕೈಲಾಗದ್ದನ್ನು ದೇವರಿಗೆ ಒಪ್ಪಿಸುವುದು ನನ್ನ ಅಭ್ಯಾಸ. ಸೈಕಲ್ಲು, ಮಿಕ್ಸಿ, ಗ್ಯಾಸ್ ಒಲೆ, ನಮ್ಮ ಮನೆಗೆ ಬಂದ ಯಾವುದೂ ಕುಂಕುಮವಿಲ್ಲದೆ ಕೆಲಸ ಶುರು ಮಾಡಿಲ್ಲ. ಕಾರ್ಡಿಗೇಕೆ ತಪ್ಪಿಸಲಿ? ಶುಕ್ರವಾರ ದೇವರ ಮುಂದಿಟ್ಟು ಮೂಲೆಗೊಂದು ಬೊಟ್ಟಿಡಲು ಹೋದೆ. ದೀಪಕ್ಕೆ ಎಣ್ಣೆ ಹಾಕಿದ ಬೆರಳು, ಜಾರಿತು. ಕುಂಕುಮ ಹೋಗಿ ಕೂತದ್ದು ಫೋಟೋದಲ್ಲಿದ್ದ ಅತ್ತೆಯ ಹಣೆಯ ಮೇಲೆ. ಎಷ್ಟು ನೇರವಾಗಿ ಅಂದರೆ, ಬೇಕೆಂದು ಇಟ್ಟಿದ್ದರೂ ಹಾಗೆ ಬರುತ್ತಿರಲಿಲ್ಲ.

ಮಾವನವರು ತೀರಿಕೊಂಡಾಗಿನಿಂದ ಅತ್ತೆ ಕುಂಕುಮ ಮುಟ್ಟಿದವರಲ್ಲ. ಒರೆಸಲು ಹೋದರೆ ಹರಡಿ, ಕಾಸಗಲವಾಯಿತು. ಕಾರ್ಡನ್ನು ಮೆಲ್ಲಗೆ ದೇವರ ಪಟದ ಹಿಂದೆ ಸರಿಸಿ, "ತಾಯೀ, ಡಾಕ್ಟರು ಸಿಗೋದು ಸ್ವಲ್ಪ ನಿಧಾನವಾಗಲಿ" ಎಂದು ಬೇಡಿಕೊಂಡೆ. ಹಿಂದಿನ ವಾರವಷ್ಟೇ ಬೇಗ ಸಿಗಲಿ ಎಂದು ಹರಕೆ ಹೊತ್ತಿದ್ದೆ. ತಾಯಿ ಹಳೆಯ ಅರ್ಜಿಯನ್ನೇ ಮೊದಲು ತೆಗೆದುಕೊಂಡಳು.

ಒಲೆ ಆರಿಸಿ, ಅತ್ತೆಯನ್ನು ಕರೆದುಕೊಂಡು ಶಾಹೀನಾಳ ಜೊತೆ ಹೊರಟೆ. ಡಾಕ್ಟರು ವಯಸ್ಸಾದವರು. ಕಾರ್ಡನ್ನು ಬೆಳಕಿಗೆ ಹಿಡಿದರು, ಅತ್ತೆಯ ಖಾಲಿ ಹಣೆ ನೋಡಿದರು, ಮತ್ತೆ ಕಾರ್ಡು ನೋಡಿದರು. "ಏಮಮ್ಮಾ, ಕಾರ್ಡ್‌ನಾಗೆ ಇರೋ ಮುತ್ತೈದೆ ಯಾರು? ಅವರನ್ನ ಕರ್ಕೊಂಡ್ ಬರ್ರಿ, ನೋಡಾಣ."

ಅತ್ತೆ ಕಾರ್ಡು ಕಿತ್ತುಕೊಂಡು ಕಣ್ಣ ಹತ್ತಿರ ತಂದರು. ನಾನು ನೆಲ ನೋಡಿದೆ. ಶಾಹೀನಾ ಚಾವಣಿ ನೋಡಿದಳು. ಅತ್ತೆಯ ಎದೆ ಕುಯ್ ಕುಯ್ ಅನ್ನುತ್ತಿತ್ತು.

"ನಾನೇ ಕಣ್ರೀ ಅದು," ಅಂದರು ಅತ್ತೆ, "ನಮ್ಮೋರು ಇದ್ದಾಗ ಹಿಂಗೇ ಇದ್ದೆ."

"ಈ ಫೋಟೋ ಈಗಿಂದಲ್ಲೇನಮ್ಮಾ?"

"ನೀವು ಫೋಟೋ ನೋಡೋ ಡಾಕ್ಟ್ರೋ, ದಮ್ಮು ನೋಡೋ ಡಾಕ್ಟ್ರೋ?" ಎಂದು ಅತ್ತೆ ಕಣ್ಣು ಕೆಂಪಗೆ ಮಾಡಿ ನೋಡಿದರು. ಡಾಕ್ಟರು ಅತ್ತೆಯ ಕೈಯಲ್ಲಿದ್ದ ಕಾರ್ಡು ನೋಡಿ ನಕ್ಕುಬಿಟ್ಟರು. "ಸಾಕು, ಸಾಕು. ಇದೇ ಮುಖ. ಬರ್ರಮ್ಮಾ, ಉಸಿರು ಎಳ್ಕಳ್ರಿ." ಹಣೆ ಕೈಕೊಟ್ಟಲ್ಲಿ ಸಿಟ್ಟು ಕೈ ಹಿಡಿಯಿತು. ಸೊಸೆಯಾಗಿ ಆ ಸಿಟ್ಟಿನಿಂದ ನನಗಾದ ಮೊದಲ ಉಪಕಾರ ಅದು, ಲೆಕ್ಕದಲ್ಲಿಟ್ಟಿದ್ದೇನೆ.

ಮಾತ್ರೆ, ಔಷಧಿ ಹಿಡಿದು ಮನೆಗೆ ಬಂದೆವು. ಬೈಗುಳ ಶುರುವಾಗುವ ಮೊದಲೇ ಒದ್ದೆ ಅರಿವೆ ತಗೊಂಡು ಕಾರ್ಡು ಒರೆಸಲು ಕೂತೆ. ಅತ್ತೆ ಕೈ ಹಿಡಿದರು.

"ಬಿಡು ತಾಯಿ, ಇರ್ಲಿ. ನಾನೇನ್ ಇಟ್ಕಂಡಿಲ್ಲ, ನೀನೇನ್ ಬೇಕಂತ ಇಟ್ಟಿಲ್ಲ. ಯಾರ್ ಕೇಳ್ತಾರೆ?"

ಎಂದು ಕಾರ್ಡನ್ನು ತಾವೇ ಸೆರಗಿನಲ್ಲಿ ಸುತ್ತಿ ಇಟ್ಟುಕೊಂಡರು. ಆಮೇಲೆ ಮೂಗು ಅರಳಿಸಿ, "ಏನೋ ಸೀದೈತಲ್ಲ?" ಅಂದರು. ಉಸಿರು ನೆಟ್ಟಗಾದ ಗುರುತು ಎಂದುಕೊಂಡು, ನಾನು ಬಾಣಲೆಯಲ್ಲಿ ಕರಿ ಶೇಂಗಾ ಆರಿಸಿ ತೆಗೆದು, ಉಳಿದದ್ದನ್ನು ಚಟ್ನಿಪುಡಿಗೆ ಕುಟ್ಟಲು ಕೂತೆ.