‘ಆಯ್ತು ಮಿಸ್’ ಎಂಬ ಉತ್ತರ

ತರಗತಿಯಲ್ಲಿ ಕೇಳಬಹುದಾದ ಅತಿ ಸುಲಭದ ಪ್ರಶ್ನೆ ಯಾವುದು ಎಂದರೆ ನಾನು ‘ಅರ್ಥ ಆಯ್ತಾ?’ ಎನ್ನುತ್ತೇನೆ. ಅದಕ್ಕೆ ತಪ್ಪು ಉತ್ತರ ಬಂದದ್ದನ್ನು ನಾನು ಬಹಳ ವರ್ಷ ಕಂಡಿರಲೇ ಇಲ್ಲ. ನಾಲ್ಕನೇ ಕ್ಲಾಸಿನ ಮಕ್ಕಳೆಲ್ಲ, ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿರುವವನೂ ಸೇರಿ, ಒಂದೇ ಉಸಿರಿನಲ್ಲಿ ‘ಆಯ್ತು ಮಿಸ್’ ಎನ್ನುತ್ತಾರೆ. ಅದಕ್ಕೊಂದು ರಾಗವಿದೆ. ಕೊನೆಯ ‘ಮಿಸ್’ ಸ್ವಲ್ಪ ಮೇಲಕ್ಕೆ ಹೋಗಿ ಮಾಡಿನ ಹೆಂಚಿಗೆ ತಾಗಿ ಕೆಳಗಿಳಿಯುತ್ತದೆ. ಕೇಳಿದವರಿಗೆ ಹಿತ. ಬೋರ್ಡು ಒರೆಸಿ ಮುಂದಿನ ಪಾಠಕ್ಕೆ ಹೋಗಬಹುದು.

ಈ ರಾಗ ಇಂದಿನದಲ್ಲ. ನಾನೂರು ವರ್ಷಗಳ ಹಿಂದೆ ಇಕ್ಕೇರಿಯ ಕಡೆಗೆ ಹೊರಟಿದ್ದ ಯುರೋಪಿನ ಪ್ರವಾಸಿಯೊಬ್ಬ, ದಾರಿಯಲ್ಲಿ ಗುಡಿಯ ಜಗಲಿಯ ಮೇಲೆ ಹುಡುಗರು ಮರಳಿನಲ್ಲಿ ಬೆರಳಾಡಿಸುತ್ತ ರಾಗವಾಗಿ ಲೆಕ್ಕ ಒಪ್ಪಿಸುವುದನ್ನು ಕಂಡು ಬೆರಗಾಗಿದ್ದನಂತೆ. ಟೀಚರ್ ಟ್ರೈನಿಂಗಿನಲ್ಲಿ ನಮ್ಮ ಮೇಷ್ಟರು ಹೇಳಿದ್ದು. ಆತ ಆ ಹುಡುಗರನ್ನು ‘ಅರ್ಥ ಆಯ್ತಾ?’ ಎಂದು ಕೇಳಿದನೋ ಇಲ್ಲವೋ ಮೇಷ್ಟರು ಹೇಳಲಿಲ್ಲ. ಕೇಳಿದ್ದರೆ ಎಂಥ ಉತ್ತರ ಬರುತ್ತಿತ್ತು ಎಂಬುದು ನನಗೆ ಗೊತ್ತು.

ಹೋದ ವರ್ಷ ಆ ಉತ್ತರವನ್ನು ನಾನೂ ಚೆನ್ನಾಗಿ ರೂಢಿಸಿಕೊಂಡೆ. ಮಾಸ್ತಿಕಟ್ಟೆಯಲ್ಲಿ ಸಣ್ಣ ಕ್ಯಾಂಟೀನು ನಡೆಸುತ್ತಿದ್ದ ನಮ್ಮವರು ಒಂದು ಮಧ್ಯಾಹ್ನ ಮೇಜಿನ ಮೇಲೆ ತಲೆಯಿಟ್ಟವರು ಏಳಲಿಲ್ಲ. ತಿಥಿ ಮುಗಿಸಿ ಶಾಲೆಗೆ ಹೊರಟರೆ ಆನಂದಪುರದ ಬಸ್‌ಸ್ಟ್ಯಾಂಡಿನಲ್ಲಿ ಕಂಡವರೆಲ್ಲ ಕೇಳುತ್ತಿದ್ದರು: ‘ಸುಧಾರಿಸ್ಕಂಡ್ರಾ ಟೀಚರ್?’

‘ಹ್ಞೂ, ಸುಧಾರಿಸ್ಕಂಡೆ.’

ನನ್ನದೂ ರಾಗವಾಗಿಯೇ ಬರುತ್ತಿತ್ತು. ಕೇಳಿದವರಿಗೆ ಹಿತವಾಗಿ ಅವರು ತಮ್ಮ ಬಸ್ಸು ಹತ್ತುತ್ತಿದ್ದರು.

ಆಗ ಬಂದವಳು ಇಂಗ್ರಿಡ್. ನಾರ್ವೆ ದೇಶದ ಹುಡುಗಿ, ಶಿಕ್ಷಕಿಯಾಗಲು ಓದುತ್ತಿದ್ದಳು. ಅವಳ ಕಾಲೇಜಿಗೂ ಸಾಗರದ ಒಂದು ಟ್ರಸ್ಟಿಗೂ ಏನೋ ಒಪ್ಪಂದವಿದ್ದು, ಪಾಠ ಮಾಡುವ ತರಬೇತಿಗೆಂದು ನಮ್ಮ ಶಾಲೆಗೆ, ಅದರಲ್ಲೂ ನನ್ನ ತರಗತಿಗೆ ಬಿದ್ದಳು. ‘ನಿಮ್ಮನೇಲಿ ಜಾಗ ಇದ್ಯಲ್ಲ ಟೀಚರ್, ಅಲ್ಲೇ ಉಳ್ಕಳ್ಲಿ’ ಎಂದರು ಹೆಡ್‌ಮಾಸ್ಟರ್ ನಾಗರಾಜಪ್ಪನವರು. ಜಾಗ ಯಾಕೆ ಇದೆ ಎಂಬುದು ಮರುಕ್ಷಣ ನೆನಪಾಗಿ, ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ನನ್ನ ಇಂಗ್ಲಿಷ್ ಹತ್ತನೇ ಕ್ಲಾಸಿನ ಪುಸ್ತಕದ್ದು. ಎದುರಿನವರು ಪಾಠದ ಕೊನೆಯ ಪ್ರಶ್ನೆಗಳನ್ನೇ ಕೇಳಿದರೆ ಸೊಗಸಾಗಿ ಉತ್ತರಿಸಬಲ್ಲೆ. ಇಂಗ್ರಿಡ್ ಅವನ್ನು ಬಿಟ್ಟು ಬೇರೆಲ್ಲ ಕೇಳುತ್ತಿದ್ದಳು. ಮಕ್ಕಳಿಗೂ ಅವಳಿಗೂ ನಡುವೆ ಅಷ್ಟೂ ಇರಲಿಲ್ಲ. ನಗು, ಬೆರಳು, ಸೀಮೆಸುಣ್ಣ, ಅಷ್ಟೆ. ನನಗೆ ಮಾತ್ರ ಅದರಲ್ಲೊಂದು ಅನುಕೂಲವಿತ್ತು. ಊರಿನಲ್ಲಿ ‘ಸುಧಾರಿಸ್ಕಂಡ್ರಾ?’ ಎಂದು ಕೇಳದವಳು ಅವಳೊಬ್ಬಳೇ. ಸಂಜೆ ಅಡುಗೆಮನೆಯ ನೆಲದಲ್ಲಿ ಕೂತು ಸುಮ್ಮನೆ ಸೌತೆಕಾಯಿ ಹೆಚ್ಚಿಕೊಡುತ್ತಿದ್ದಳು.

ಒಂದು ಸಂಜೆ ಹಾಗೆ ಹೆಚ್ಚುತ್ತಲೇ, ನನಗೆ ತಿಳಿಯುವಷ್ಟು ನಿಧಾನದ ಇಂಗ್ಲಿಷಿನಲ್ಲಿ ತನ್ನ ಕಷ್ಟ ಹೇಳಿದಳು. ಅವಳ ಊರಿನಲ್ಲಿ ಮಕ್ಕಳಿಗೆ ತಿಳಿಯದಿದ್ದರೆ ಎದ್ದುನಿಂತು ತಿಳಿಯಲಿಲ್ಲ ಎಂದುಬಿಡುತ್ತಾರಂತೆ. ತರಬೇತಿಯ ಪರೀಕ್ಷೆಯ ದಿನ ಹಾಗೆ ಒಬ್ಬ ಎದ್ದ, ಇನ್ನೊಬ್ಬಳು ಎದ್ದಳು. ಇವಳು ಗಾಬರಿಯಾಗಿ ಪಾಠವನ್ನು ಅರ್ಧಕ್ಕೇ ಬಿಟ್ಟು ಹೊರಗೆ ನಡೆದಳು. ಫೇಲು. ಈಗ ಅವಳ ಪ್ರಾಧ್ಯಾಪಕಿ ಇಲ್ಲಿಗೇ ಬಂದು ಒಂದು ಪಾಠ ನೋಡುವವರಿದ್ದರು. ಅದೂ ಹೋದರೆ ಟೀಚರಾಗುವ ಆಸೆ ಬಿಡಬೇಕು. ಅವಳು ಅಳಲಿಲ್ಲ. ಸೌತೆಕಾಯಿ ಮಾತ್ರ ಅಗತ್ಯಕ್ಕಿಂತ ಬಹಳ ಸಣ್ಣಗಾಯಿತು. ಇವಳನ್ನು ಪಾಸು ಮಾಡಿಸಿಯೇ ಕಳಿಸುವುದು ಎಂದು ನಾನು ಆಗಲೇ ಗಟ್ಟಿ ಮಾಡಿಕೊಂಡೆ. ಆ ವರ್ಷ ಕೈತಪ್ಪಿ ಹೋದದ್ದು ನನಗೆ ಸಾಕಾಗಿತ್ತು.

ಇಷ್ಟು ಗಟ್ಟಿ ಮಾಡಿಕೊಂಡವಳು ಮಾಡಿದ ಮೊದಲ ಕೆಲಸವೆಂದರೆ ಅವಳಿಗೆ ‘ಅರ್ಥ ಆಯ್ತಾ?’ ಎನ್ನುವುದನ್ನು ಕಲಿಸಿದ್ದು. ಭಿನ್ನರಾಶಿಯ ಪಾಠ. ಬೋರ್ಡಿನ ಮೇಲೆ ದುಂಡನೆಯ ರೊಟ್ಟಿ ಬರೆದು, ಅರ್ಧ ಮಾಡಿ, ಕಾಲು ಮಾಡಿ, ಕಲಿತ ಕನ್ನಡ ಪ್ರಯೋಗಿಸಿದಳು. ‘ಆಯ್ತು ಮಿಸ್!’ ಹೆಂಚು ನಡುಗಿತು. ಅವಳ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಯಾರೂ ಎದ್ದು ನಿಲ್ಲದ ದೇಶಕ್ಕೆ ಬಂದುಬಿಟ್ಟಿದ್ದಳು! ವಾರವಿಡೀ ಹೀಗೇ ನಡೆಯಿತು. ವಾರದ ಕೊನೆಗೆ ಅರ್ಧ ದೊಡ್ಡದೋ ಕಾಲು ದೊಡ್ಡದೋ ಎಂದು ಬರೆಯಲು ಹೇಳಿದರೆ ಇಡೀ ತರಗತಿ ಕಾಲು ದೊಡ್ಡದೆಂದು ಬರೆದಿತ್ತು. ಎರಡಕ್ಕಿಂತ ನಾಲ್ಕು ದೊಡ್ಡದಷ್ಟೆ.

ಇಂಗ್ರಿಡ್ ಬಿಸಿಯೂಟದ ಕೋಣೆಯ ಮೆಟ್ಟಿಲ ಮೇಲೆ ಹೋಗಿ ಕೂತಳು. ಅಡುಗೆಯ ಗಿರಿಜಕ್ಕ ಸೌಟು ಹಿಡಿದೇ ಹೊರಗೆ ಬಂದು, ಅವಳಿಗೆ ಕನ್ನಡ ಬರುವುದಿಲ್ಲ ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಸಮಾಧಾನ ಮಾಡಿದಳು: ‘ಎಂತಕ್ಕೆ ಬೇಜಾರು ಮಾರಾಯ್ತಿ? ಈ ಮಕ್ಳು ಎಲ್ಲಾದಕ್ಕೂ ಹ್ಞೂ ಅಂತಾವೆ. ಉಪ್ಪು ಮರ್ತ ಸಾರಿಗೂ ಚೆನ್ನಾಗಿದೆ ಅಕ್ಕಾ ಅಂದಿದಾವೆ.’

ಮರುದಿನ ನಾನು ಮಕ್ಕಳ ಬೆಂಚಿನಲ್ಲಿ, ಸಹನಾ ಎಂಬ ಚೂಟಿ ಹುಡುಗಿಯ ಪಕ್ಕ ಹೋಗಿ ಕೂತೆ. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಇಂಗ್ರಿಡ್ ಕೇಳಿದಳು, ಮಕ್ಕಳು ರಾಗ ಎಳೆದರು. ರಾಗ ಮುಗಿದ ಮೇಲೆ ನಾನು ಕೈ ಎತ್ತಿದೆ.

‘ನಂಗೆ ಅರ್ಥ ಆಗ್ಲಿಲ್ಲ ಮಿಸ್.’

ದನಿ ಯಾಕೋ ಜೋರಾಗಿಯೇ ಬಂತು. ಭಿನ್ನರಾಶಿಗೆ ಅಷ್ಟು ಜೋರು ಬೇಕಾಗಿರಲಿಲ್ಲ. ಸಹನಾ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ‘ಅಯ್ಯೋ, ನಮ್ ಮಿಸ್ಸಿಗೇ ಆಗ್ಲಿಲ್ಲ ಅಂದ್ರೆ ನಮಗೆಂತ ಆಗ್ತದೆ!’

ಆಮೇಲೆ ನೋಡಿ, ಎಲ್ಲರೂ ಒಟ್ಟಿಗೆ: ‘ಅರ್ಥ ಆಗ್ಲಿಲ್ಲ ಮಿಸ್!’ ಅದೇ ರಾಗ, ಅದೇ ಹೆಂಚು. ಇದೂ ಉಪಯೋಗವಿಲ್ಲ ಎಂದು ಇಂಗ್ರಿಡ್‌ಗೆ ಎರಡನೆಯ ಕನ್ನಡ ಪದ ಕಲಿಸಿದೆ: ‘ಎಲ್ಲಿ?’ ಒಬ್ಬೊಬ್ಬರೇ ಬೋರ್ಡಿನ ಹತ್ತಿರ ಬಂದು ತಮಗೆ ತಿಳಿಯದ ಜಾಗಕ್ಕೆ ಬೆರಳಿಡಬೇಕು. ಬೆರಳಿಗೆ ರಾಗ ಬರುವುದಿಲ್ಲ.

ಅದೇ ಸಂಜೆ ತೀರ್ಥಹಳ್ಳಿಯಿಂದ ನಾದಿನಿ ಫೋನು ಮಾಡಿ ಎಂದಿನಂತೆ ‘ಸುಧಾರಿಸ್ಕಂಡ್ರಾ ಅತ್ತಿಗೆ?’ ಎಂದಳು. ‘ಇಲ್ಲ ಕಣೇ’ ಎಂದುಬಿಟ್ಟೆ. ಆಚೆಯಿಂದ ಅವಳೂ ‘ನಂಗೂ ಇಲ್ಲ’ ಎಂದಳು. ಅವಳ ಅಣ್ಣ ಸತ್ತ ಮೇಲೆ ನಾವಿಬ್ಬರೂ ಅವರ ಬಗ್ಗೆ ಮಾತಾಡಿದ್ದು ಅಂದೇ. ಅವರ ಕ್ಯಾಂಟೀನಿನ ಬನ್ಸು ಕಲ್ಲಿನ ಹಾಗಿರುತ್ತಿತ್ತು ಎಂದು ಇಬ್ಬರೂ ಒಪ್ಪಿಕೊಂಡು, ಅತ್ತು, ನಕ್ಕೆವು.

ಪ್ರಾಧ್ಯಾಪಕಿ ಬಂದ ದಿನ ನಾಗರಾಜಪ್ಪನವರು ನನಗಿಂತ ಮೊದಲೇ ತರಗತಿಗೆ ಹೋಗಿದ್ದರು. ‘ನೋಡ್ರೋ, ಅರ್ಥ ಆಯ್ತಾ ಅಂದ್ರೆ ಆಯ್ತು ಅನ್ಬೇಕು. ಶಾಲೆ ಮರ್ಯಾದೆ ಪ್ರಶ್ನೆ.’ ಪಾಠ ನಡೆಯಿತು. ಇಂಗ್ರಿಡ್ ಕೇಳಿದಳು. ‘ಆಯ್ತು ಮಿಸ್!’ ಹೆಡ್‌ಮಾಸ್ಟರು ತೃಪ್ತಿಯಿಂದ ಅತಿಥಿಯ ಮುಖ ನೋಡಿದರು.

ಇಂಗ್ರಿಡ್ ಬೋರ್ಡು ಒರೆಸಲಿಲ್ಲ. ಸೀಮೆಸುಣ್ಣ ಹಿಡಿದು ಸುಮ್ಮನೆ ಕಾದಳು. ಕೊನೆಗೆ ಸಹನಾ ಹೆಡ್‌ಮಾಸ್ಟರ ಕಡೆ ನೋಡದೆ, ಅರ್ಧ ಎದ್ದಳು. ‘ನಂಗೆ ಸ್ವಲ್ಪ ಆಗ್ಲಿಲ್ಲ ಮಿಸ್.’

ಇಂಗ್ರಿಡ್‌ಳ ಕುತ್ತಿಗೆ ಕೆಂಪಾಯಿತು. ಅವಳನ್ನು ಒಮ್ಮೆ ತರಗತಿಯಿಂದ ಹೊರಗೆ ಅಟ್ಟಿದ ಮಾತು ಇದೇ. ಅವಳು ಬಾಗಿಲ ಕಡೆ ನೋಡಿದಳು. ನಾನು ಬೆಂಚಿನ ಅಂಚು ಹಿಡಿದುಕೊಂಡೆ.

‘ಎಲ್ಲಿ?’ ಎಂದಳು.

ಸಹನಾ ಹೋಗಿ ಬೋರ್ಡಿನಲ್ಲಿದ್ದ ಕಾಲು ರೊಟ್ಟಿಯ ಮೇಲೆ ಬೆರಳಿಟ್ಟು, ‘ಪಾಲು ಜಾಸ್ತಿ ಮಾಡಿದ್ರೆ ಜಾಸ್ತಿ ಸಿಗ್ಬೇಕಲ್ದಾ?’ ಎಂದಳು. ಮಾತು ಇಂಗ್ರಿಡ್‌ಗೆ ತಿಳಿಯಲಿಲ್ಲ, ಬೆರಳು ತಿಳಿಯಿತು. ಕಾಗದದ ಎರಡು ರೊಟ್ಟಿ ತೆಗೆದು, ಒಂದನ್ನು ಇಬ್ಬರಿಗೆ, ಇನ್ನೊಂದನ್ನು ನಾಲ್ವರಿಗೆ ಹರಿದು ಕೊಟ್ಟಳು. ಸಹನಾಳನ್ನು ನಾಲ್ವರಲ್ಲಿ ನಿಲ್ಲಿಸಿದ್ದಳು. ಸಹನಾ ತನ್ನ ಚೂರು ನೋಡಿದಳು, ಪಕ್ಕದವನ ಅರ್ಧ ನೋಡಿದಳು. ‘ಇದು ಮೋಸ!’ ಎಂದು ಕೂಗಿದಳು. ತರಗತಿ ಗೊಳ್ಳೆಂದಿತು. ಅಂದು ಯಾರೂ ಅರ್ಥ ಆಯ್ತಾ ಎಂದು ಮತ್ತೆ ಕೇಳಬೇಕಾಗಲಿಲ್ಲ.

ಪಾಠ ಮುಗಿದ ಮೇಲೆ ಪ್ರಾಧ್ಯಾಪಕಿ ನನ್ನ ಅಭಿಪ್ರಾಯ ಕೇಳಿದರು. ಇಂಗ್ಲಿಷಿನಲ್ಲಿ ಶುರುಮಾಡಿದೆ, ಅದು ಅರ್ಧ ದಾರಿಯಲ್ಲಿ ಕೈಕೊಟ್ಟಿತು. ಕನ್ನಡದಲ್ಲೇ ಹೇಳಿದೆ: ‘ಇವಳಿಗೆ ಕನ್ನಡ ಬರಲ್ಲ. ಬೋರ್ಡಿನ ಮೇಲೆ ಗೆರೆ ಎಲ್ಲಾ ಸೊಟ್ಟ. ಪಾಠ ನಿಧಾನ. ಆದ್ರೆ ಮಕ್ಕಳು ಇವಳ ಹತ್ರ ಸುಳ್ಳು ಹೇಳಲ್ಲ.’

‘ಅಷ್ಟೂ ಹೇಳ್ಬೇಕಾ ಟೀಚರ್?’ ಎಂದರು, ಭಾಷಾಂತರಕ್ಕೆ ನಿಂತ ನಾಗರಾಜಪ್ಪನವರು.

‘ಅಷ್ಟೂ ಹೇಳಿ ಸಾರ್.’

ಹೇಳಿದರು. ಆಕೆ ನಕ್ಕು, ಇವಳನ್ನು ನಿಮ್ಮಲ್ಲೇ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದರು.

‘ಆಸೆ ಇದೆ. ಆದ್ರೆ ಅವ್ರೂರಲ್ಲಿ ಎದ್ದು ನಿಲ್ಲೋ ಮಕ್ಕಳಿದಾರಂತಲ್ಲ. ಅವಕ್ಕೆ ಈಗ ಇವಳು ಬೇಕು.’

ಇಂಗ್ರಿಡ್ ಪಾಸಾಗಿ ಊರಿಗೆ ಹೋದಳು. ನನ್ನ ತರಗತಿಯಲ್ಲಿ ಮಾತ್ರ ಈ ವರ್ಷ ಭಿನ್ನರಾಶಿ ಇನ್ನೂ ಮುಗಿದಿಲ್ಲ. ದಿನಕ್ಕೊಬ್ಬರಾದರೂ ಬಂದು ಬೋರ್ಡಿಗೆ ಬೆರಳಿಡುತ್ತಾರೆ. ಪಾಠ ಹಿಂದೆ ಬಿತ್ತು ಎಂದು ನಾಗರಾಜಪ್ಪನವರು ಚಡಪಡಿಸುತ್ತಾರೆ. ಬೀಳಲಿ. ಯಾವುದನ್ನೂ ಅವಸರದಲ್ಲಿ ಮುಗಿಸಬೇಕೆಂದು ನನಗೀಗ ಅನ್ನಿಸುವುದಿಲ್ಲ.